ತಳದಿಂದ ತುಂಬುವ ಗಾಯ

ಬೋರಲು ಮಲಗಿದವನ ಕೆನ್ನೆಯ ಕೆಳಗೆ ರೆಕ್ಸಿನ್ ತಣ್ಣಗಿದೆ, ಮೇಜಿನಂಚಿನಿಂದ ಕಾಣುವುದು ಸಿಸ್ಟರ್ ಹಾಕಿಕೊಂಡ ಬಿಳಿ ಚಪ್ಪಲಿ ಮಾತ್ರ, ಎಡಗಾಲಿನದು ಹೆಚ್ಚು ಸವೆದಿದೆ, ಕ್ಲಚ್ ತುಳಿದೂ ತುಳಿದೂ ತನ್ನದೂ ಹೀಗೇ ಸವೆಯುತ್ತಿತ್ತು ಎಂದುಕೊಂಡ ಬಸ್ ಡ್ರೈವರ್ — ಸವೆಯುತ್ತಿತ್ತು ಯಾಕೆ, ಇನ್ನೂ ಸವೆಯಲಿಕ್ಕಿದೆ, ಸೀಟು ಬಿಟ್ಟುಕೊಡುವ ಆಸಾಮಿಯಲ್ಲ ಅವನು. ಉಸಿರು ಬಿಡಿ, ಗಾಯದೊಳಗಿನ ಹಳೇ ಬಟ್ಟೆ ತೆಗೀತೀನಿ ಎನ್ನುತ್ತಾಳೆ ಸಿಸ್ಟರ್, ಬಿಟ್ಟ, ಬೆನ್ನುಮೂಳೆಯ ತುದಿಯಲ್ಲಿ ಚುರ್ರೆಂದಿತು, ಆದರೆ ಇದು ಒಳ್ಳೆಯ ಉರಿ, ಮೊದಲ ಆಪರೇಷನ್ನಿನದೇ ಬೇರೆ, ಕೂತು ಕೂತು ಕೂದಲು ಚರ್ಮದೊಳಗೆ ಹೊಕ್ಕು ಬಿಲ ತೋಡಿತ್ತಲ್ಲ, ಅದನ್ನು ಕೊರೆದು ತೆಗೆದು ನಟ್ಟನಡುವೆ ನೀಟಾಗಿ ಹೊಲಿದು ಕಳಿಸಿದ್ದರು, ಮೇಲೆ ಇಸ್ತ್ರಿ ಮಾಡಿದ ಹಾಗೆ, ಒಳಗೆ ಕೀವು ಗುಟ್ಟಾಗಿ ಸಂಸಾರ ಹೂಡಿತ್ತು, ಒಂದು ಬೆಳಿಗ್ಗೆ ತಿರುವಿನಲ್ಲಿ ಸ್ಟೀರಿಂಗ್ ಎಳೆದಾಗ ಹೊಲಿಗೆ ಬಿರಿದು ಪ್ಯಾಂಟೆಲ್ಲ ಒದ್ದೆ, ಬಸ್ಸು ಪಕ್ಕಕ್ಕೆ ಹಾಕಿದ, ಯಾಕ್ರೀ ನಿಲ್ಸಿದ್ರಿ ಎಂದು ಬೈಯುವ ಪ್ರಯಾಣಿಕರೆದುರು ಏಳಲಾರದೆ ಸೀಟಿಗೇ ಅಂಟಿಕೊಂಡಿದ್ದ. ಈ ಸಲ ಸರ್ಜನ್ ಎರಡೂ ದಾರಿ ಬಿಡಿಸಿ ಹೇಳಿದರು, ಪಕ್ಕದ ಚರ್ಮ ಸರಿಸಿ ನಡುಗೆರೆ ತಪ್ಪಿಸಿ ಹೊಲೀಬಹುದು, ಬೇಗ ವಾಸಿಯಾಗತ್ತೆ, ಕೀವಾದ್ರೆ ಮಾತ್ರ ಮತ್ತೆ ಬಿಚ್ಬೇಕಾಗತ್ತೆ, ತೆರೆದೇ ಬಿಟ್ರೆ ತಳದಿಂದ ತಾನೇ ತುಂಬ್ಕೊಂಡು ಬರತ್ತೆ, ಆದ್ರೆ ತಿಂಗಳುಗಟ್ಟಲೆ ದಿನಾ ಒಳಗೆ ಬಟ್ಟೆ ತುಂಬಿ ಡ್ರೆಸಿಂಗ್, ತಾಳ್ಮೆ ಬೇಕು. ಹೊಲಿಸ್ಕೊಂಡ್ಬಿಡಿ ಭಾವ, ಗುಂಡಿ ಇಟ್ಕೊಂಡು ಯಾರಾದ್ರೂ ಓಡಾಡ್ತಾರಾ ಎಂದ ಹೆಂಡತಿಯ ತಮ್ಮ, ಅವನಿಗೇನು, ಹೇಳಿದರಾಯ್ತು — ತೆರೆದೇ ಇರ್ಲಿ ಡಾಕ್ಟ್ರೇ, ಕಣ್ಣಿಗೆ ಕಾಣೋ ಗುಂಡಿ ತಪ್ಪಿಸ್ಬೋದು, ಮೇಲೆ ಡಾಂಬರು ಬಳಿದಿರೋದೇ ಚಕ್ರ ನುಂಗೋದು ಎಂದಿದ್ದ ಡ್ರೈವರ್, ಸರ್ಜನ್ ನಕ್ಕರು, ಹೆಂಡತಿ ನಗಲಿಲ್ಲ, ಕೈ ತೊಳೆದುಕೊಂಡು ಬಂದು ತೋರ್ಸಿ ಸಿಸ್ಟರ್, ನಾನೇ ಕಲೀತೀನಿ ಎಂದಳು, ಮೊದಮೊದಲು ಅವನು ನಾಚಿಕೆಗೆ ದಿಂಬು ಕಚ್ಚುತ್ತಿದ್ದ, ಈಗ ನಿಮ್ಮ ಮುಖಕ್ಕಿಂತ ಇದೇ ನಂಗೆ ಚೆನ್ನಾಗಿ ಪರಿಚಯ ಅನ್ನುತ್ತಾಳೆ ಸುತ್ತಲ ಕೂದಲು ಬೋಳಿಸುತ್ತ, ನಿನ್ನೆ ತುಂಬುವ ಬಟ್ಟೆ ಅರ್ಧ ಹೊರಗೇ ಉಳಿದಾಗ ನಾನೇ ಸರಿಯಾಗಿ ತುಂಬ್ಲಿಲ್ವೇನೋ ಎಂದು ಅನುಮಾನಪಟ್ಟು ಇಲ್ಲಿಗೆ ಹೊರಡಿಸಿದವಳೂ ಅವಳೇ, ಹೊರಗೆ ಬೆಂಚಿನ ಮೇಲೆ ಉಗುರು ಕಚ್ಚುತ್ತಿರುತ್ತಾಳೆ, ಕಚ್ಚಬೇಕಾಗಿಲ್ಲ ಕಣೇ, ಅವನಿಗೆ ಗೊತ್ತು, ಮೈಗೆ ಗೊತ್ತಾಗುತ್ತದೆ — ಆದರೆ ಇದೇನು, ಸಿಸ್ಟರ್ ಕೈಯ ಇಕ್ಕಳ ತಡವುತ್ತಿದೆ, ಮತ್ತೆ ತಡವುತ್ತಿದೆ, ಬಿಲ ಇನ್ನೊಂದು ಕಡೆ ಬಾಯಿ ತೆರೆಯಿತೇ, ಏನಾಯ್ತು ಸಿಸ್ಟರ್ ಎಂದ, ಬಟ್ಟೆ ಒಳಗೆ ಹೋಗ್ತಿಲ್ಲ ಕಣ್ರೀ, ಜಾಗಾನೇ ಇಲ್ಲ, ತಳದಿಂದ ಮಾಂಸ ತುಂಬ್ಕೊಂಡ್ಬಿಟ್ಟಿದೆ, ಕರೀರಿ ನಿಮ್ಮನೆಯವರನ್ನ, ಅವನು ಕತ್ತು ಹೊರಳಿಸಿದ, ಇಕ್ಕಳದ ತುದಿಯಲ್ಲಿ ಬಿಳಿ ಪಟ್ಟಿ, ಹೋಗಲು ಜಾಗವಿಲ್ಲದೆ ತೂಗುತ್ತ, ಬಿಳಿ ಪಟ್ಟಿ, ತುದಿಗಷ್ಟೇ ಕೆಂಪು ತಾಗಿದ ಬಿಳಿ ಪಟ್ಟಿ