ಬದುವಿನ ಕಲ್ಲುಗುಪ್ಪೆಯ ತಾಮ್ರ

ಮರುಳಸಿದ್ದಯ್ಯ ತಿಪಟೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು. ಕುಲುಮೆ ಕಾಣದೆ ನೆಲದಲ್ಲೇ ಅಪ್ಪಟವಾಗಿ ಸಿಗುವ ತಾಮ್ರದ ಒಂದು ತುಂಡನ್ನು ಕಾಲೇಜಿನ ಗಾಜಿನ ಬೀರುವಿನಲ್ಲಿಡಬೇಕೆಂಬುದು ಅವರ ಬಹಳ ವರ್ಷಗಳ ಆಸೆ. ಅದಕ್ಕೆಂದು ರೇಡಿಯೊ ರಿಪೇರಿಯ ಗುಲಾಮ್ ರಸೂಲ್ ಲೋಹ ಪತ್ತೆ ಹಚ್ಚುವ ಯಂತ್ರ ಮಾಡಿದ್ದರು. ಕೋಲಿನ ತುದಿಗೆ ತಂತಿ ಸುತ್ತಿದ ಬಳೆ, ಸೊಂಟಕ್ಕೆ ಬ್ಯಾಟರಿ ಡಬ್ಬ, ಕಿವಿಗೆ ಹೆಡ್‌ಫೋನ್. ಎಂಬತ್ತೆರಡನೇ ಇಸವಿಯಿಂದ ಇಬ್ಬರೂ ಪ್ರತಿ ಭಾನುವಾರ ಕಂದಿಕೆರೆಯಲ್ಲಿ ಬಸ್ಸಿಳಿದು ಗುಡ್ಡದ ತಪ್ಪಲು ಸುತ್ತುತ್ತಿದ್ದರು. ಸಿಕ್ಕಿದ್ದು ಎತ್ತಿನ ಲಾಳ, ಮುರಿದ ಕುಡುಗೋಲು, ತಗಡಿನ ಡಬ್ಬಿಗಳು. ಬರಬರುತ್ತ ಮೇಷ್ಟ್ರ ಮಂಡಿ ಸವೆಯಿತು. ರಸೂಲರ ಕಿವಿಯಲ್ಲಿ ಮನೆಗೆ ಹೋದ ಮೇಲೂ ಗುಂಯ್ ಎನ್ನುವ ಸದ್ದು ನಿಲ್ಲುತ್ತಿರಲಿಲ್ಲ. ಸಾಕು ಎನ್ನಲು ಇಬ್ಬರಿಗೂ ಬಾಯಿ ಬಾರದೆ ಹೋಗುತ್ತಲೇ ಇದ್ದರು.

ಒಂದು ಮಧ್ಯಾಹ್ನ ಭೂತಮ್ಮ ಎಂಬ ರೈತ ಹೆಂಗಸಿನ ಹುರುಳಿ ಹೊಲದ ಬದುವಿನಲ್ಲಿ ಯಂತ್ರ ಒಂದೇ ಸಮನೆ ಕೂಗತೊಡಗಿತು. ಕೆಟ್ಟಿರಬೇಕೆಂದು ರಸೂಲ್ ಡಬ್ಬ ಬಿಚ್ಚಿ ನೋಡಿದರು. ಎಲ್ಲ ಸರಿಯಿತ್ತು. ಅಲ್ಲಿದ್ದ ಕಲ್ಲುಗುಪ್ಪೆಯಿಂದ ಮೇಷ್ಟ್ರು ಒಂದನ್ನು ಎಳೆದು ಸುತ್ತಿಗೆಯಲ್ಲಿ ಹೊಡೆದರು. ಅದು ಒಡೆಯಲಿಲ್ಲ, ಬಾಗಿತು. ಹಸಿರು ಪಾಚಿಯಂಥ ಹೊದಿಕೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಕೆಂಪಗೆ ಮಿನುಗಿತು.

"ಇದೇನಾ ಮೇಷ್ಟ್ರೇ?"

"ಇದೇ ಕಣ್ರೀ."

ಇಂಥ ದಿನ ಕುಣಿದಾಡುತ್ತೇನೆಂದು ಎಣಿಸಿದ್ದ ಮೇಷ್ಟ್ರು ಸುಮ್ಮನೆ ಬದುವಿನ ಮೇಲೆ ಕುಳಿತರು. ಎದ್ದು ನಿಲ್ಲುವ ಮನಸ್ಸೂ ಇರಲಿಲ್ಲ.

ಕಳೆ ಕೀಳುತ್ತಿದ್ದ ಭೂತಮ್ಮ ಬಂದು ನೋಡಿದಳು. ನೇಗಿಲಿಗೆ ಸಿಕ್ಕಿಕೊಳ್ಳುವ ಆ ಕಲ್ಲುಗಳನ್ನು ತಾನೂ ತೀರಿಹೋದ ಗಂಡನೂ ಆರಿಸಿ ಆರಿಸಿ ಎಸೆದು ಸಾಕಾಗಿತ್ತು ಎಂದಳು. ತಾಮ್ರವೆಂದು ಕೇಳಿದಾಗ ಅವಳ ಮುಖ ಇಳಿಯಿತು. ತಂಗಿಯ ಊರಿನಲ್ಲಿ ಅದಿರು ನೋಡಲು ಬಂದವರು ಗುಂಡಿ ತೋಡಿ ಮುಚ್ಚದೆ ಹೋಗಿದ್ದರಂತೆ. ಹಾಲು ಕರೆಯುತ್ತಿದ್ದ ಹಸು ಅದರೊಳಗೆ ಬಿದ್ದು ಸತ್ತಿತ್ತಂತೆ.

"ನೀವು ಈ ಜಾಗ ಬರ್ದಾಕಿದ್ರೆ ಅವ್ರು ಇಲ್ಲಿಗೂ ಬತ್ತಾರೆ. ಒಂದ್ ಕಲ್ಲು ತಗೊಂಡೋಗಿ ಸ್ವಾಮಿ, ನನ್ ಹೊಲ ಬುಟ್ಬುಡಿ."

ಸಿಕ್ಕ ಜಾಗ ಗೊತ್ತಿಲ್ಲದ ಕಲ್ಲಿಗೆ ಬೆಲೆಯಿಲ್ಲವೆಂದು ಮೇಷ್ಟ್ರು ಪ್ರತಿ ವರ್ಷ ಪಾಠ ಹೇಳುತ್ತಿದ್ದರು. ಆದರೂ ಸುತ್ತಿಗೆಯನ್ನು ಕೆಳಗಿಟ್ಟು, "ಆಯ್ತು ಬುಡವ್ವ" ಎಂದರು. ಕೊಂಬೆಯಂತೆ ಕವಲೊಡೆದ ಒಂದು ತುಂಡನ್ನು ಚೀಲಕ್ಕೆ ಹಾಕಿಕೊಂಡು, ಉಳಿದವನ್ನು ರಸೂಲರ ಜೊತೆ ಸೇರಿ ಗುಪ್ಪೆಗೆ ಹಾಕಿ ಮಣ್ಣು ಮುಚ್ಚಿದರು.

ಕಾಲೇಜಿನಲ್ಲಿ ಅದು ಎಲ್ಲಿ ಸಿಕ್ಕಿತೆಂದು ಪ್ರಿನ್ಸಿಪಾಲರು ಕೇಳಿದಾಗ ಗುಡ್ಡದ ಕಡೆ ಎಂದಷ್ಟೇ ಮೇಷ್ಟ್ರು ಹೇಳಿದರು. ಊರು, ಜಾಗ ಇಲ್ಲದೆ ಬೀರುವಿನಲ್ಲಿಡಲಾಗದು, ಗುಜರಿಯಿಂದ ತಂದದ್ದೆಂದು ಜನ ಆಡಿಕೊಂಡಾರು ಎಂದರು ಪ್ರಿನ್ಸಿಪಾಲರು. ಮೇಷ್ಟ್ರು ತುಂಡನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದರು.

ಮುಂದಿನ ಭಾನುವಾರ ರಸೂಲ್ ಯಂತ್ರವಿಲ್ಲದೆ ಬರಿಗೈಯಲ್ಲಿ ಮೇಷ್ಟ್ರ ಮನೆಗೆ ಬಂದರು. ಮೇಷ್ಟ್ರ ಹೆಂಡತಿ ಮೀನಾಕ್ಷಮ್ಮ ಕಾಫಿ ಕೊಟ್ಟರು. ಇಬ್ಬರೂ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಆ ತುಂಡನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡರು.

"ನಮ್ ಯಂತ್ರ ಸುಳ್ಳೇಳ್ಲಿಲ್ಲ ಬುಡಿ" ಎಂದರು ರಸೂಲ್.

ಮೇಷ್ಟ್ರು ಹೂಂ ಎಂದು ಗೋಡೆಗೆ ಒರಗಿದವರು ಹಾಗೆಯೇ ನಿದ್ದೆಹೋದರು.