ದೇವರೆತ್ತು ಮಲಗಿದ ಹಳ್ಳ

ನಾನು ಹೇರು ಹೊರದ ಎತ್ತು. ಕೇಳಿದರೆ ನಗು ಬರುತ್ತದೆ, ಅಲ್ಲವೇ? ಎತ್ತಾಗಿ ಹುಟ್ಟಿಯೂ ಒಂದು ಸೇರು ಅಕ್ಕಿಯನ್ನು ಬೆನ್ನ ಮೇಲೆ ಹೊತ್ತವನಲ್ಲ. ಚಿತ್ರದುರ್ಗದ ಕಡೆಯ ಬಯಲಲ್ಲಿ, ರೂಪ್ಲಾ ನಾಯಕನ ಲಂಬಾಣಿ ತಾಂಡಾದಲ್ಲಿ ನನ್ನ ಜನನ. ಹಣೆಯ ಮೇಲೆ ಒಳ್ಳೆಯ ಸುಳಿ ಇದೆಯೆಂದು ನನ್ನನ್ನು ದೇವರ ಹೆಸರಿಗೆ ಬಿಟ್ಟರು. ಕೊರಳಿಗೆ ಗಂಟೆ, ಕೊಂಬಿಗೆ ಕವಡೆ ಸರ ಕಟ್ಟಿ ಸಾಲಿನ ಮುಂದೆ ನಿಲ್ಲಿಸಿದರು. ನನ್ನ ಹಿಂದೆ ಇನ್ನೂರು ಎತ್ತುಗಳು ದಂಡುಗಳಿಗೆ ಅಕ್ಕಿ, ಉಪ್ಪು ಹೊತ್ತು ಬರುತ್ತಿದ್ದವು. ಕಟ್ಟಳೆ ಇಷ್ಟೇ: ದೇವರೆತ್ತು ನಡೆದರೆ ತಾಂಡಾ ನಡೆಯಬೇಕು, ಮಲಗಿದರೆ ಅಲ್ಲೇ ಬಿಡಾರ. ಅದನ್ನು ಯಾರೂ ಹೊಡೆಯುವಂತಿಲ್ಲ, ಬೈಯುವಂತಿಲ್ಲ.

ದೊಡ್ಡ ಪದವಿ ಎನ್ನುತ್ತೀರಿ. ನನ್ನ ಪಾಡು ನನಗೇ ಗೊತ್ತು. ಉಳಿದ ಎತ್ತುಗಳು ಮೈಗೆ ಮೈ ತಾಗಿಸಿ ಮಲಗುತ್ತಿದ್ದವು. ನನ್ನನ್ನು ದೂರ ಕಟ್ಟಿ, ಊದುಬತ್ತಿ ಹಚ್ಚಿ, ಕೈಮುಗಿದು ಹೋಗಿಬಿಡುತ್ತಿದ್ದರು. ಊದುಬತ್ತಿಯ ಜೊತೆ ಎಷ್ಟು ಹೊತ್ತು ಮಾತಾಡಲಿ?

ಆ ವರ್ಷ ಕಂಪನಿಯ ದಂಡು ಯುದ್ಧಕ್ಕೆಂದು ಘಟ್ಟ ಹತ್ತಿತ್ತು. ಮಳೆ ಒಂದು ತಿಂಗಳು ಮೊದಲೇ ಹಿಡಿಯಿತು. ದಂಡಿನ ಗಾಡಿಗಳು ಅಚ್ಚಿನವರೆಗೆ ಕೆಸರಲ್ಲಿ ಹೂತವು. ಇನ್ನು ಅಕ್ಕಿ ತಲುಪಿಸಲು ಹೇರೆತ್ತುಗಳೇ ಗತಿ. ನಾಯಕನ ತಮ್ಮ ಧಂಜ್ಯಾ ಮೊದಲ ಹೇರಿನ ಜೊತೆ ಹೋಗಿ ದಂಡಿನ ಬಿಡಾರದಲ್ಲೇ ಸಿಕ್ಕಿಕೊಂಡಿದ್ದ. ಅವನಿಗೆ ಜ್ವರ, ಹೊಟ್ಟೆಗೆ ಏನೂ ಇಲ್ಲ ಎಂದು ದಂಡಿನ ದಫೇದಾರ ಸುದ್ದಿ ತಂದ. ಧಂಜ್ಯಾನ ಹೆಂಡತಿ ರುಕ್ಲಿ ತಾನೂ ಬರುತ್ತೇನೆಂದು ಹೊರಟಳು.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಹಳ್ಳದ ದಡಕ್ಕೆ ಬಂದೆವು. ನೀರು ಮೊಣಕಾಲುದ್ದ ಅಷ್ಟೇ. ಜಾರಿ ಜಾರಿ ನನ್ನ ಕಾಲು ಸೋತಿತ್ತು. ಎರಡು ನಿಮಿಷ ಎಂದುಕೊಂಡು ಮಲಗಿದೆ. ಅಯ್ಯೋ, ಮಲಗಬಾರದಿತ್ತು.

ನಾಯಕ ಕೈಯೆತ್ತಿದ. ಇನ್ನೂರು ಎತ್ತುಗಳ ಹೇರು ಇಳಿಯಿತು.

"ನಾಯಕರೇ, ದಂಡು ಉಪಾಸ ಬಿದ್ದೈತೆ. ಒಂದೇಟು ಹಾಕಿ, ಎದ್ದೇಳ್ತದೆ" ಎಂದ ದಫೇದಾರ.

"ಮಲಗಿರೋ ದೇವರನ್ನ ಎಬ್ಬಿಸೋಕೆ ನಾವ್ಯಾರು ಸ್ವಾಮಿ? ಮುಂದೆ ಏನೋ ಕೇಡೈತೆ, ಅದಕ್ಕೇ ತಡೆದೈತೆ."

ಕೇಡೂ ಇಲ್ಲ, ಗೀಡೂ ಇಲ್ಲ. ನಾನು ಗಾಬರಿಯಿಂದ ಎದ್ದೆ. ಹಳ್ಳದ ಕಡೆಗೆ ನಡೆದೆ. ನಾಯಕ ನಯವಾಗಿ ಹಿಡಿದು ತಂದು ಕಟ್ಟಿಹಾಕಿದ. ದೇವರು ಮಲಗಿ ಬಿಡಾರದ ಅಪ್ಪಣೆ ಒಮ್ಮೆ ಆಯಿತೆಂದರೆ ಬೆಳಗಿನ ಪೂಜೆಯಾಗದೆ ಕದಲುವಂತಿರಲಿಲ್ಲ. ರುಕ್ಲಿ ದಡದಲ್ಲಿ ನಿಂತು ನೀರನ್ನೇ ನೋಡುತ್ತಿದ್ದಳು. ಸಂಜೆಗೆ ಹಳ್ಳ ಉಕ್ಕಿತು. ಇಳಿಯಲು ಮೂರು ದಿನ ಹಿಡಿಯಿತು.

ನಾವು ತಲುಪಿದಾಗ ಗೋಣಿಗಳ ಅರ್ಧ ಅಕ್ಕಿ ಮುಗ್ಗಿತ್ತು. ಧಂಜ್ಯಾ ಹಿಂದಿನ ದಿನವೇ ತೀರಿಕೊಂಡಿದ್ದ.

ರುಕ್ಲಿ ನೇರವಾಗಿ ನನ್ನ ಬಳಿ ಬಂದಳು. ಮುಖದ ಮೇಲೆ ಪಟ್ಟನೆ ಹೊಡೆದಳು. "ಯಾಕೋ ಮಲಗ್ದೆ? ಅವರು ಕಾಯ್ತಿದ್ರಲ್ಲೋ" ಎಂದಳು.

ಹುಟ್ಟಿದಾಗಿನಿಂದ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಹೇಳಲು ನನಗೆ ಬಾಯಿಲ್ಲ. ಜನ ಅವಳನ್ನು ಎಳೆದರು. ದೇವರಿಗೆ ಕೈ ಮಾಡಿದ್ದಕ್ಕೆ ತಪ್ಪೊಪ್ಪಿಕೊಳ್ಳಬೇಕೆಂದು ಅವಳ ಹಣೆಯನ್ನು ನನ್ನ ಗೊರಸಿಗೆ ಬಗ್ಗಿಸಿದರು. ನಾಚಿಕೆಯಿಂದ ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

"ನೋಡು, ದೇವರ ಕೋಪ ಇನ್ನೂ ಇಳಿದಿಲ್ಲ" ಎಂದ ನಾಯಕ. ಮತ್ತೆ ಬಗ್ಗಿಸಿದರು. ಮತ್ತೆ ಎಳೆದುಕೊಂಡೆ. ಮೂರನೆಯ ಸಲ, ಅವಳನ್ನು ಇನ್ನಾದರೂ ಬಿಡಲಿ ಎಂದು, ಅಲುಗಾಡದೆ ನಿಂತೆ.

ರುಕ್ಲಿ ತವರಿನ ತಾಂಡಾಕ್ಕೆ ಹೋದಳು. ಈಗ ನನ್ನ ಹಲ್ಲು ಸವೆದಿವೆ. ಹುಣಿಸೆ ಮರದ ಬುಡದಲ್ಲಿ ಒಬ್ಬನೇ ಇರುತ್ತೇನೆ. ಬಂದವರೆಲ್ಲ ಕಾಲು ಮುಟ್ಟಿ, ಕಷ್ಟ ಹೇಳಿಕೊಂಡು ಹೋಗುತ್ತಾರೆ. ನಾನು ತಪ್ಪೊಪ್ಪಿಕೊಳ್ಳಬೇಕಾದವಳು ಒಬ್ಬಳೇ ಇದ್ದಳು. ಅವಳ ಬಾಯಿಂದಲೇ ತಪ್ಪಾಯಿತು ಎನ್ನಿಸಿ ಕಳಿಸಿದರು.