ಯಾವ ಕೋಲು?

"ಕೆಂಪು ಕೋಲು ಗೆರೆ ದಾಟ್ತಲ್ಲೇ, ಬಿಕನಾಸಿ ಮುಂಡೆ! ಕಣ್ಣು ನೆತ್ತಿ ಮೇಲಿದೆಯಾ?"

ಮೇಸ್ತ್ರಿ ಕೂಗಿದ ರಭಸಕ್ಕೆ ಬಕೇಟಮ್ಮ ನೆಲ ಒರೆಸುವ ಕೋಲನ್ನು ಹಿಂದಕ್ಕೆಳೆದುಕೊಂಡಳು. ಆಸ್ಪತ್ರೆಯ ಕಾರಿಡಾರಿನ ನಡುವೆ ಉದ್ದಕ್ಕೂ ಹಳದಿ ಗೆರೆ. ಎಡಗಡೆಯ ವಾರ್ಡು ವಾಂತಿಭೇದಿಯವರಿಗೆ, ಬಲಗಡೆಯದು ಜ್ವರದವರಿಗೆ. ಎಡಗಡೆ ಒರೆಸಲು ಕೆಂಪು ಕೋಲು, ಬಲಗಡೆಗೆ ನೀಲಿ. ಎರಡು ಮಾರಿಗಳೂ ಜೊತೆಯಲ್ಲೇ ವಕ್ಕರಿಸಿ ತಿಂಗಳಾಗಿತ್ತು. ಮಂಚಕ್ಕೆ ಇಬ್ಬರು, ಮಂಚದ ಕೆಳಗೊಬ್ಬರು. ಕೋಲು ಮಾತ್ರ ಗೆರೆ ದಾಟಬಾರದು. ಕೋಲು ಹಿಡಿದವಳು ದಿನಕ್ಕೆ ಇಪ್ಪತ್ತು ಸಲ ದಾಟಬಹುದು, ಅದೇ ತೂತು ಗ್ಲೌಸಿನಲ್ಲಿ. ಅವಳಿಗೆ ರೋಗ ಅಂಟುವುದಿಲ್ಲವೆಂದು ಯಾರು ಬರೆದುಕೊಟ್ಟಿದ್ದರೋ!

ಅವಳಿಗೆ ಅಂಟಲಿಲ್ಲ, ಮಗಳಿಗೆ ಅಂಟಿತು. ಆರು ವರ್ಷದ ಕೂಸು ಬೆಳಗಿನಿಂದ ಬಾಗಿಲ ಬೆಂಚಿನ ಮೇಲೆ ಮೈ ಸುಡುತ್ತ, ಲಂಗ ಒದ್ದೆ ಮಾಡಿಕೊಳ್ಳುತ್ತ ಮಲಗಿತ್ತು.

ಬಲಗಡೆಯ ನರ್ಸು ನೋಡಿದಳು. "ಭೇದಿ ಆಗ್ತಿದೆಯಲ್ಲಮ್ಮ, ಆ ಕಡೆಗೆ ಹೋಗು."

ಎಡಗಡೆಯವಳು ಹಣೆ ಮುಟ್ಟಿದಳು. "ಜ್ವರ ಇದೆ. ಇಲ್ಲಿರೋರಿಗೆಲ್ಲ ಅಂಟಿಸ್ತೀಯಾ? ಆ ಕಡೆ ನಡಿ."

ದೊಡ್ಡ ಡಾಕ್ಟರು ತಲೆಯನ್ನೇ ಎತ್ತಲಿಲ್ಲ. "ಚೀಟೀಲಿ ಒಂದೇ ಕಾಯಿಲೆಗೆ ಜಾಗ ಇರೋದು. ಯಾವುದು ಅಂತ ತೀರ್ಮಾನ ಮಾಡ್ಕೊಂಡು ಬಾ."

"ಸ್ವಾಮಿ, ಕಾಯಿಲೆ ನನ್ನ ಕೇಳ್ಕೊಂಡು ಬಂತಾ?"

"ನಾಲಿಗೆ ಉದ್ದ ಆಯ್ತು ನಿಂದು. ಹೋಗು, ಕೆಲಸ ನೋಡು."

ಅತ್ತ ದರಿ, ಇತ್ತ ಹುಲಿ. ಮಗಳ ಕಣ್ಣುಗಳು ಗುಳಿ ಬಿದ್ದಿದ್ದವು. "ಅಮ್ಮಾ, ನೀರು" ಎಂದಳು, ಕುಡಿದದ್ದನ್ನು ಅಲ್ಲೇ ಕಕ್ಕಿದಳು. ಬಕೇಟಮ್ಮ ಉಗ್ರಾಣದಲ್ಲಿದ್ದ ಮುರುಕು ಮಂಚವನ್ನು ಕರಕರ ಎಳೆದು ತಂದು ಗೆರೆಗೆ ಅಡ್ಡವಾಗಿ ಹಾಕಿದಳು. ಮಗಳ ತಲೆಯನ್ನು ಬಲಕ್ಕಿಟ್ಟು, ಕಾಲನ್ನು ಎಡಕ್ಕೆ ಚಾಚಿ ಮಲಗಿಸಿದಳು.

"ನೋಡ್ರಪ್ಪಾ! ಸುಡ್ತಿರೋ ತಲೆ ಜ್ವರದೋರ ಪಾಲು. ಸೊಂಟದ ಕೆಳಗಿಂದು ಭೇದಿಯೋರ ಪಾಲು. ಯಾರು ಮೊದಲು ಬರ್ತೀರೋ ಬನ್ನಿ!"

ದಾರಿ ಕಟ್ಟಿತು. ಸ್ಟ್ರೆಚರುಗಳು ನಿಂತವು. ಮೇಸ್ತ್ರಿ ಬೈಯುತ್ತ ಓಡಿ ಬಂದ, ಅವನ ಹಿಂದೆ ಡಾಕ್ಟರು. ಮಂಚದಿಂದ ಕೆಳಗೆ ತೊಟ್ಟಿಕ್ಕಿದ ಭೇದಿಯ ನೀರು ಹಳದಿ ಗೆರೆಯ ಎರಡೂ ಕಡೆ ಹರಿದು ಡಾಕ್ಟರ ಬೂಟಿನವರೆಗೆ ಬಂತು.

"ಒರೆಸೇ ಅದನ್ನ!" ಎಂದು ಡಾಕ್ಟರು ಕಿರುಚಿದರು.

ಬಕೇಟಮ್ಮ ಎರಡೂ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಮಗಳ ಪಕ್ಕದಲ್ಲಿ ಕೂತಳು.

"ಯಾವ ಕೋಲಲ್ಲಿ, ಸ್ವಾಮಿ? ತೀರ್ಮಾನ ಮಾಡ್ಕೊಂಡು ಹೇಳಿ."